ನನ್ನ ಮಾತ್ರೆಗೆ ನನ್ನ ಆಫೀಸಿನ ಒಪ್ಪಿಗೆ ಯಾಕೆ?

2021ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧಕಿಯಾಗಿ ಸೇರಿದೆ. ಅದನ್ನು ನಡೆಸುವುದು ಒಂದು ಧಾರ್ಮಿಕ ಸಂಸ್ಥೆ. ನನ್ನ ಆರೋಗ್ಯ ವಿಮೆಯೂ ಆ ಕೆಲಸದ ಕಡೆಯಿಂದಲೇ. ಮೊದಲ ತಿಂಗಳು ಔಷಧಿ ಅಂಗಡಿಗೆ ಹೋದಾಗ, ಕೌಂಟರಿನಲ್ಲಿದ್ದ ಹುಡುಗಿ ಎರಡು ಸಲ ಕಂಪ್ಯೂಟರ್ ನೋಡಿ, "ಈ ಮಾತ್ರೆಗೆ ನಿಮ್ಮ ಇನ್ಶೂರೆನ್ಸ್ ದುಡ್ಡು ಕೊಡಲ್ಲ" ಅಂದಳು. ನನಗೆ ಪಿಸಿಓಡಿ ಇದೆ, ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟು ಕೆಡುವ ತೊಂದರೆ. ಮುಟ್ಟು ಶುರುವಾದರೆ ಹತ್ತು ಹನ್ನೆರಡು ದಿನ ನಿಲ್ಲುತ್ತಿರಲಿಲ್ಲ, ಅದಕ್ಕೆ ಊರಿನಲ್ಲಿದ್ದಾಗಲೇ ಡಾಕ್ಟರ್ ಬರೆದುಕೊಟ್ಟಿದ್ದ ಗರ್ಭನಿರೋಧಕ ಮಾತ್ರೆ ಅದು. ಕೊನೆಗೆ "ಇದು ಕಾಯಿಲೆಗೆ, ಗರ್ಭ ತಡೆಯುವುದಕ್ಕಲ್ಲ" ಅಂತ ಇಲ್ಲಿನ ಡಾಕ್ಟರಿಂದ ಪತ್ರ ಬರೆಸಿಕೊಂಡು ಓಡಾಡಿದೆ. ಅದು ಈಗಲೂ ನೋಯುತ್ತದೆ. ಗರ್ಭ ತಡೆಯುವುದಕ್ಕೇ ಬೇಕಾಗಿದ್ದರೂ ಅದು ನನ್ನ ವಿಷಯ, ಅಲ್ವಾ?

ಒಬಾಮಕೇರ್ ಅನ್ನೋ ಅಮೆರಿಕದ ಆರೋಗ್ಯ ವಿಮೆ ಕಾಯ್ದೆಯ ಪ್ರಕಾರ 2012ರ ಆಗಸ್ಟ್‌ನಿಂದ ಹೊಸ ವಿಮೆಗಳು ಗರ್ಭನಿರೋಧಕಗಳನ್ನು ಕೈಯಿಂದ ದುಡ್ಡು ಕೇಳದೆ ಕೊಡಬೇಕಿತ್ತು. ಚರ್ಚ್‌ಗಳಿಗೆ ಮೊದಲೇ ವಿನಾಯಿತಿ ಇತ್ತು. ಆಮೇಲೆ ಹಾಬಿ ಲಾಬಿ ಅನ್ನೋ ಕರಕುಶಲ ಸಾಮಾನಿನ ದೊಡ್ಡ ಅಂಗಡಿ ಸಾಲಿನ ಮಾಲೀಕರು, ಗರ್ಭಕೋಶದೊಳಗೆ ಹಾಕುವ ಎರಡು ಬಗೆಯ ವಂಕಿ ಮತ್ತು ಎರಡು ತುರ್ತು ಗರ್ಭನಿರೋಧಕ ಮಾತ್ರೆಗಳು ನಮ್ಮ ನಂಬಿಕೆಗೆ ವಿರುದ್ಧ ಅಂತ ಕೋರ್ಟಿಗೆ ಹೋದರು. 2014ರ ಜೂನ್ 30ರಂದು ಸುಪ್ರೀಂ ಕೋರ್ಟ್ 5-4ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ವಂಕಿ ಹಾಕಿಸಿಕೊಳ್ಳುವ ಖರ್ಚು, ಕನಿಷ್ಠ ಕೂಲಿಗೆ ದುಡಿಯುವವಳ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ ಅಂತ ನ್ಯಾಯಮೂರ್ತಿ ಗಿನ್ಸ್‌ಬರ್ಗ್ ತಮ್ಮ ಭಿನ್ನಮತದಲ್ಲಿ ಬರೆದರು. ನನಗೆ ಆ ಒಂದು ಲೆಕ್ಕವೇ ಸಾಕು. 2020ರಲ್ಲಿ, ಬಡ ಮುದುಕರನ್ನು ನೋಡಿಕೊಳ್ಳುವ ಸಿಸ್ಟರ್‌ಗಳ ಸಂಸ್ಥೆಯೊಂದರ ಕೇಸಿನಲ್ಲಿ, ವಿನಾಯಿತಿಯನ್ನು ಇನ್ನೂ ಅಗಲ ಮಾಡಿದ್ದ ಸರ್ಕಾರದ ನಿಯಮಕ್ಕೆ ಸುಪ್ರೀಂ ಕೋರ್ಟ್ ಒಪ್ಪಿತು.

ಆ ಸಿಸ್ಟರ್‌ಗಳ ನಂಬಿಕೆಯನ್ನು ನಾನು ಸುಮ್ನೆ ತಳ್ಳಿಹಾಕಲ್ಲ. ಆದರೆ ವಿಮೆ ಅನ್ನೋದು ಯಜಮಾನರು ಕೊಡುವ ದಾನವಲ್ಲ. ಅದು ನನ್ನ ಸಂಬಳದ ಒಂದು ಪಾಲು. ಸಂಬಳದಲ್ಲಿ ನಾನು ಏನು ಕೊಂಡೆ ಅಂತ ಯಾರೂ ಕೇಳಲ್ಲ, ವಿಮೆಯಲ್ಲಿ ಮಾತ್ರ ಯಾಕೆ ಕೇಳಬೇಕು?

"ಹಾಗಾದ್ರೆ ಬೇರೆ ಕೆಲಸ ನೋಡ್ಕೋ" ಅಂತಾರೆ. ವೀಸಾದಲ್ಲಿರುವ ನಮ್ಮಂಥವರಿಗೆ ಅದು ಅಷ್ಟು ಸುಲಭವಲ್ಲ. ಕೆಲಸ ಹೋದರೆ ಸಾಮಾನ್ಯವಾಗಿ ಅರವತ್ತು ದಿನದೊಳಗೆ ಬೇರೆ ದಾರಿ ಆಗಬೇಕು. ವಿಶ್ವವಿದ್ಯಾಲಯಗಳಿಗೆ ಎಚ್-1ಬಿ ಅನ್ನೋ ಕೆಲಸದ ವೀಸಾಕ್ಕೆ ಲಾಟರಿ ಇಲ್ಲ, ಅದಕ್ಕೇ ನಮ್ಮಲ್ಲಿ ಎಷ್ಟೋ ಜನ ಅಲ್ಲಿಗೆ ಸೇರುವುದು. ಅಂಥ ಕಡೆ ನಡೆಸುವವರು ಧಾರ್ಮಿಕ ಸಂಸ್ಥೆಯಾದರೆ ವೀಸಾ, ವಿಮೆ ಎರಡೂ ಅವರ ಕೈಯಲ್ಲೇ.

ಊರಿನ ನೆನಪಾಗುತ್ತದೆ. 1930ರಲ್ಲೇ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು. ಇವತ್ತು ನಮ್ಮ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ ಮಾಲಾ-ಎನ್ ಗರ್ಭನಿರೋಧಕ ಮಾತ್ರೆ ತಂದುಕೊಡುತ್ತಾಳೆ, ಸರ್ಕಾರಿ ಆಸ್ಪತ್ರೆಯಲ್ಲಿ ಕಾಪರ್ ಟಿ ಪುಕ್ಕಟೆ. ನೀನು ಎಲ್ಲಿ ಕೆಲಸ ಮಾಡ್ತೀಯಾ ಅಂತ ಯಾರೂ ಕೇಳಲ್ಲ. ಕ್ಯಾಥೊಲಿಕ್ ಆಸ್ಪತ್ರೆಗಳಲ್ಲಿ ಮಕ್ಕಳಾಗದ ಆಪರೇಷನ್ ಸಾಮಾನ್ಯವಾಗಿ ಮಾಡಲ್ಲ, ಸರಿ, ಆಟೋ ಹತ್ತಿ ಸರ್ಕಾರಿ ಆಸ್ಪತ್ರೆಗೆ ಹೋದರಾಯಿತು.

ಅಲ್ಲಿ ಎಲ್ಲ ಚೆನ್ನಾಗಿದೆ ಅಂತಲೂ ಹೇಳಲಾರೆ. ತುರ್ತು ಪರಿಸ್ಥಿತಿಯಲ್ಲಿ 1976-77ರ ಒಂದೇ ವರ್ಷ 80 ಲಕ್ಷಕ್ಕೂ ಜಾಸ್ತಿ ಜನರಿಗೆ ಆಪರೇಷನ್ ಆಯಿತು, ಎಷ್ಟೋ ಜನರಿಗೆ ಬಲವಂತದಿಂದ. ಈಗಲೂ ಆಪರೇಷನ್ ಅಂದರೆ ಹೆಂಗಸರ ಪಾಲಿಗೇ. ನನ್ನ ಅಮ್ಮ, ಇಬ್ಬರು ಅತ್ತೆಯರು, ದೊಡ್ಡಮ್ಮ, ಎಲ್ಲರೂ ಮಾಡಿಸಿಕೊಂಡವರೇ. ಮನೆಯ ಗಂಡಸರಲ್ಲಿ ಒಬ್ಬರೂ ಇಲ್ಲ. ಅಲ್ಲಿ ಅವರನ್ನು ಸರಿಯಾಗಿ ಕೇಳಿದವರಿಲ್ಲ, ಇಲ್ಲಿ ನನ್ನನ್ನು ಕೇಳಿದವರಿಲ್ಲ.

ಈಗ ಊರಿನಿಂದ ಯಾವ ಹುಡುಗಿ ಫೋನ್ ಮಾಡಿ "ಅಕ್ಕ, ಆಫರ್ ಬಂತು" ಅಂದರೂ ಮೊದಲು ಒಂದು ಮಾತು ಹೇಳುತ್ತೇನೆ: ಸಹಿ ಹಾಕುವ ಮುಂಚೆ ವಿಮೆಯ ಪುಸ್ತಕ ತರಿಸಿಕೋ, ಗರ್ಭನಿರೋಧಕದ ಪುಟ ಓದು. ಆ ಪುಟವೇ ಇಲ್ಲದಿದ್ದರೆ ನನಗೆ ಮತ್ತೆ ಫೋನ್ ಮಾಡು.