ಕಡಲ ತಳದ ಆಲೂಗಡ್ಡೆ

ಸಮುದ್ರದ ತಳದ ಲೋಹದ ಗಂಟುಗಳನ್ನು ಬೇಗ ಎತ್ತಿ ಅಂತ ಟ್ರಂಪ್ 2025ರ ಏಪ್ರಿಲ್‌ನಲ್ಲಿ ಸಹಿ ಹಾಕಿದ್ದು ಗೊತ್ತೇ ಇದೆ. ಬೇಗ ಅಂತೆ! ಆ ಗಂಟು ಬೆಳೆಯೋದು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್. ಅದರ ಮುಂದೆ ನಮ್ಮ ಸರ್ಕಾರಿ ಫೈಲು ಜಿಂಕೆ.

ನೋಡಲು ಕರಿ ಆಲೂಗಡ್ಡೆ. ನಾಲ್ಕೈದು ಕಿಲೋಮೀಟರ್ ನೀರಿನಡಿ ಸುಮ್ನೆ ಬಿದ್ದಿರುತ್ತದೆ. ಕುಲುಮೆಗೆ ಹಾಕಿದರೆ ನಿಕ್ಕಲ್, ತಾಮ್ರ, ಕೋಬಾಲ್ಟ್ ಸೇರಿದ ಮಿಶ್ರಲೋಹ ಒಂದು ಕಡೆ, ಮ್ಯಾಂಗನೀಸ್ ತುಂಬಿದ ಕಿಟ್ಟ ಇನ್ನೊಂದು ಕಡೆ. ಆ ಕಿಟ್ಟದಿಂದ ಉಕ್ಕಿಗೆ ಬೇಕಾದ ಸಿಲಿಕೋಮ್ಯಾಂಗನೀಸ್ ಮಾಡಬಹುದು. ಏನೂ ವೇಸ್ಟ್ ಇಲ್ಲ. ಸಿಪ್ಪೆಯದೂ ಚಟ್ನಿ!

ಈ ಗಂಟು ಎತ್ತಲು ಹೊರಟ ಒಂದು ಕಂಪನಿಯ ಬೆನ್ನಿಗೆ ನಿಂತಿದ್ದು ನೌರು. ಪೆಸಿಫಿಕ್‌ನಲ್ಲಿರುವ 21 ಚದರ ಕಿಲೋಮೀಟರಿನ ದ್ವೀಪದೇಶ. ಹೊರಗಿನವರು ಬಂದು ಫಾಸ್ಫೇಟ್ ಅಗೆದು ಅಗೆದು ಅದರ ನಡುಭಾಗವನ್ನು ಬರೀ ಕಲ್ಲಿನ ಮೊನೆಗಳ ಬಯಲು ಮಾಡಿಟ್ಟರು. ಈಗ ಕಡಲು ಅಗೆಯೋಕೂ ಅದೇ ಬಡಪಾಯಿಯ ರುಜು ಬೇಕಾಯ್ತು. ಎರಡು ವರ್ಷದಲ್ಲಿ ಗಣಿಗಾರಿಕೆಗೆ ನಿಯಮ ಮಾಡಿ ಅಂತ 2021ರಲ್ಲಿ ಅದು ಅಂತರರಾಷ್ಟ್ರೀಯ ಕಡಲತಳ ಪ್ರಾಧಿಕಾರಕ್ಕೆ ಗಡುವು ಕೊಟ್ಟಿತು. ಗಡುವು ಮುಗಿಯಿತು, ನಿಯಮ ಬರಲಿಲ್ಲ. ಆ ಪ್ರಾಧಿಕಾರವನ್ನು ಬದಿಗಿಟ್ಟು, ಟ್ರಂಪ್ ಸಹಿಯಿಂದ ಅಮೆರಿಕ ಹಿತ್ತಲ ಬಾಗಿಲು ತೆರೆಯಿತು.

ಅಮೆರಿಕಕ್ಕೆ ಈ ಆಲೂಗಡ್ಡೆ ಹೊಸದಲ್ಲ ಬಿಡಿ. 1974ರಲ್ಲಿ ಸಿಐಎ ಮುಳುಗಿದ ಸೋವಿಯತ್ ಸಬ್‌ಮರೀನ್ ಕದಿಯಲು ದೊಡ್ಡ ಹಡಗು ಕಳಿಸಿತ್ತು. ಏನ್ರೀ ಮಾಡ್ತಿದೀರಿ ಅಂದರೆ, ಮ್ಯಾಂಗನೀಸ್ ಗಂಟು ಆರಿಸ್ತಿದೀವಿ ಅಂದರು. ಕೋಟ್ಯಧಿಪತಿ ಹವರ್ಡ್ ಹ್ಯೂಸ್ ಹೆಸರನ್ನು ಮುಂದಿಟ್ಟರು, ಜನ ನಂಬಿದರು. ಈಗ ಎತ್ತೋದು ಗಂಟನ್ನೇ, ಹೇಳೋ ನೆಪ ಮಾತ್ರ ಪರಿಸರದ್ದು. ಎಲೆಕ್ಟ್ರಿಕ್ ಗಾಡಿಯ ಬ್ಯಾಟರಿಗೆ ಅಂತೆ. ಇವತ್ತು ಎಷ್ಟೋ ಗಾಡಿಗಳಲ್ಲಿರುವ ಎಲ್‌ಎಫ್‌ಪಿ (ಲಿಥಿಯಂ-ಕಬ್ಬಿಣ-ಫಾಸ್ಫೇಟ್) ಬ್ಯಾಟರಿಗೆ ನಿಕ್ಕಲ್ಲೂ ಬೇಡ, ಕೋಬಾಲ್ಟೂ ಬೇಡ.

ನಕ್ಕು ಸುಮ್ಮನಾಗೋಣ ಅಂದರೆ ನಾವೂ ಕ್ಯೂನಲ್ಲಿದ್ದೇವೆ. 2002ರಿಂದ ಹಿಂದೂ ಮಹಾಸಾಗರದಲ್ಲಿ ಹುಡುಕಾಡಲು ಒಪ್ಪಂದವಿದೆ. ನಮ್ಮ ಪಾಲು 75,000 ಚದರ ಕಿಲೋಮೀಟರ್.

ಕಡಲಲ್ಲಿ ಅಗೆದರೆ ಬೆಟ್ಟ ಉಳಿಯುತ್ತದೆ ಅನ್ನೋರು ಒಮ್ಮೆ ಸಂಡೂರಿಗೆ ಬನ್ನಿ. ಮ್ಯಾಂಗನೀಸ್ ಅಲ್ಲೂ ಇದೆ. ಅದಿರಿನ ಲಾರಿ ಹೋದ ಮೇಲೆ ದಾಸವಾಳದ ಎಲೆ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಹೊಸ ಗಣಿ ಬಂತು ಅಂತ ಹಳೇದು ಮುಚ್ಚಿದ್ದು ನಾನಂತೂ ಕಂಡಿಲ್ಲ. ಸಾಕಾಗಿದೆ ಕಣ್ರೀ. ಕಣ್ಣೆದುರಿನ ಬೆಟ್ಟಕ್ಕೇ ನಮ್ಮಿಂದ ಕಾವಲು ಕಾಯಲಾಗಲಿಲ್ಲ.

1979ರಲ್ಲಿ ಪೆಸಿಫಿಕ್ ತಳದಲ್ಲಿ ಪ್ರಯೋಗಕ್ಕೆ ಅಂತ ಒಂದು ಯಂತ್ರ ಓಡಿಸಿದ್ದರು. 44 ವರ್ಷ ಬಿಟ್ಟು ಹೋಗಿ ನೋಡಿದರೆ ಅದು ಹರಿದಾಡಿದ ಗುರುತು ಹಾಗೇ ಇತ್ತು. ಸಂಡೂರಲ್ಲಾದರೆ ಧೂಳಿಗೆ ನೀರು ಚಿಮುಕಿಸುತ್ತಾ ಲಾರಿಯವರಿಗೆ ಶಾಪ ಹಾಕೋಕೆ ಒಬ್ಬ ಅಜ್ಜಿಯಾದರೂ ಇರುತ್ತಾಳೆ.