ಸ್ಪಷ್ಟನೆ: ಮಿಲ್‌ಗ್ರಾಂ ಮನೋವೈದ್ಯರಲ್ಲ, 450 ವೋಲ್ಟ್ ಶಾಕ್ ಯಾರಿಗೂ ತಗುಲಿಲ್ಲ

'ಮನೋವೈದ್ಯ ಸ್ಟ್ಯಾನ್ಲಿ ಮಿಲ್‌ಗ್ರಾಂ ಜನರಿಗೆ 450 ವೋಲ್ಟ್ ಶಾಕ್ ಕೊಡಿಸಿ, ಶೇ. 65 ಮಂದಿ ಕ್ರೂರಿಗಳೆಂದು ಸಾಬೀತುಪಡಿಸಿದರು' ಎಂಬ ಸಂದೇಶ ಹಾಸನದ ಬಿ.ಎಡ್. ವಿದ್ಯಾರ್ಥಿಗಳ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಅಮೆರಿಕದ ಮಿಲ್‌ಗ್ರಾಂ ಸಾಮಾಜಿಕ ಮನೋವಿಜ್ಞಾನಿ, ವೈದ್ಯಕೀಯ ಓದಿದವರಲ್ಲ. ಪದವಿ ರಾಜ್ಯಶಾಸ್ತ್ರದಲ್ಲಿ (ಕ್ವೀನ್ಸ್ ಕಾಲೇಜು, 1954). ಹಾರ್ವರ್ಡ್‌ನಲ್ಲಿ ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ ಮಾರ್ಗದರ್ಶನದಲ್ಲಿ 1960ರಲ್ಲಿ ಪಿಎಚ್.ಡಿ. ಪಡೆದರು. ನಾರ್ವೆ, ಫ್ರಾನ್ಸ್‌ಗಳಲ್ಲಿ ಜನ ಗುಂಪಿನ ಅಭಿಪ್ರಾಯಕ್ಕೆ ಎಷ್ಟು ಮಣಿಯುತ್ತಾರೆ ಎಂಬುದೇ ಅದರ ವಿಷಯ.

1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಪ್ರಯೋಗದಲ್ಲಿ, ಇನ್ನೊಬ್ಬ ತಪ್ಪು ಉತ್ತರ ಕೊಟ್ಟಾಗಲೆಲ್ಲ ಅವನಿಗೆ ಹೆಚ್ಚುತ್ತಾ ಹೋಗುವ ಶಾಕ್ ಕೊಡಲು ಭಾಗವಹಿಸಿದವರಿಗೆ ಹೇಳುತ್ತಿದ್ದರು. ಯಂತ್ರದಲ್ಲಿ 15ರಿಂದ 450 ವೋಲ್ಟ್‌ವರೆಗೆ 30 ಸ್ವಿಚ್‌ಗಳಿದ್ದವು. ಒತ್ತುವವರಿಗೆ ನಂಬಿಕೆ ಬರಲೆಂದು ಮೊದಲು 45 ವೋಲ್ಟ್‌ನ ನಿಜ ಶಾಕ್ ಮುಟ್ಟಿಸುತ್ತಿದ್ದರು. ಅದಾದ ಮೇಲೆ ಶಾಕ್ ಇರಲಿಲ್ಲ, ಆ ಇನ್ನೊಬ್ಬನ ಚೀರಾಟವೆಲ್ಲ ನಟನೆ. ಶೇ. 65 ಅಂದರೆ 450 ವೋಲ್ಟ್‌ವರೆಗೂ ಸ್ವಿಚ್ ಒತ್ತಿದವರು, 40 ಮಂದಿಯಲ್ಲಿ 26, ಅದೂ ಎಲ್ಲ ಸನ್ನಿವೇಶಗಳಲ್ಲಿ ಅಲ್ಲ. 'ಶಾಕ್' ತಿನ್ನುವವನ ಕೈಯನ್ನು ತಾವೇ ಹಿಡಿದು ಫಲಕಕ್ಕೆ ಒತ್ತಬೇಕಾದಾಗ ಅದು ಶೇ. 30ಕ್ಕೆ ಇಳಿಯಿತು. ಹಾಗಾಗಿ ಅಳೆದದ್ದು ಕ್ರೌರ್ಯವನ್ನಲ್ಲ, ಸನ್ನಿವೇಶದ ಒತ್ತಡವನ್ನು.

ಅವರ ಆಸಕ್ತಿ ಇಷ್ಟಕ್ಕೇ ನಿಲ್ಲಲಿಲ್ಲ. ಅಂಚೆಚೀಟಿ ಹಚ್ಚಿದ 400 ಲಕೋಟೆಗಳನ್ನು ಬೀದಿ, ಅಂಗಡಿಗಳಲ್ಲಿ ಬೀಳಿಸಿ, ಸಿಕ್ಕವರು ಎಷ್ಟನ್ನು ಅಂಚೆ ಡಬ್ಬಿಗೆ ಹಾಕುತ್ತಾರೆಂದು ಎಣಿಸಿದರು. ವೈದ್ಯಕೀಯ ಸಂಶೋಧನೆಯವರ ಹೆಸರಿದ್ದವು ಶೇ. 72, ನಾಜಿ ಬೆಂಬಲಿಗರ ಹೆಸರಿದ್ದವು ಶೇ. 25 ಬಂದವು. ಇದನ್ನು ಪ್ರಾಜೆಕ್ಟ್‌ಗೆ ಎತ್ತಿಕೊಳ್ಳುವವರು ಎಲ್ಲ ಲಕೋಟೆಗೂ ವಿಳಾಸ ಒಂದೇ ಇಡಿ, ಹೆಸರು ಮಾತ್ರ ಬದಲಿಸಿ. ಜುಲೈಯಲ್ಲಿ ಸಕಲೇಶಪುರದ ಕಡೆ ಮಾತ್ರ ಬೇಡ. ಅಲ್ಲಿ ಲಕೋಟೆ ಕೈಬಿಡುವುದು ಜನರಲ್ಲ, ಮಳೆ!