ಒಂದು ಮೈಲಿ ದೂರದ ಅಂಗಡಿಗೆ ನಡೆದು ಹೋಗಲಾಗದ ಊರು

ಅಪ್ಪ ಮೈಸೂರಿನಿಂದ ಬಂದ ಮೊದಲ ವಾರ. ಬೆಳಗ್ಗೆ ಕಾಫಿ ಕುಡಿದು, ಸ್ವೆಟರ್ ಹಾಕಿಕೊಂಡು, "ಕೊತ್ತಂಬರಿ ಸೊಪ್ಪು ಮುಗಿದಿದೆ ಅಂತಿದ್ಲು ನಿನ್ನ ಹೆಂಡ್ತಿ, ತಂದುಬಿಡ್ತೀನಿ" ಅಂತ ಹೊರಟರು. ಇಂಡಿಯನ್ ಸ್ಟೋರ್ ನಮ್ಮ ಮನೆಯಿಂದ ಹೆಚ್ಚುಕಮ್ಮಿ ಒಂದು ಮೈಲಿ. ಸ್ವಲ್ಪ ಹೊತ್ತಿಗೆಲ್ಲ ಯಾರದೋ ಕಾರಿನಲ್ಲಿ ವಾಪಸ್ ಬಂದು ಮನೆ ಮುಂದೆ ಇಳಿದರು. ಕಾರಿನಲ್ಲಿದ್ದ ಅಮೆರಿಕನ್ ಹೆಂಗಸು ತುಂಬಾ ಒಳ್ಳೆಯವರು. "ರಸ್ತೆ ಪಕ್ಕದ ಹುಲ್ಲಲ್ಲಿ ಒಬ್ಬರೇ ನಡೀತಾ ಇದ್ರು. ವಯಸ್ಸಾದವರು, ದಾರಿ ತಪ್ಪಿರಬೇಕು ಅನ್ನಿಸ್ತು" ಅಂದರು. ಅಪ್ಪ ದಾರಿ ತಪ್ಪಿರಲಿಲ್ಲ. ದಾರಿಯನ್ನು ಹಿಂದಿನ ದಿನವೇ ಕಾರಿನಲ್ಲಿ ಕೂತು ನೋಡಿಕೊಂಡಿದ್ದರು. ಆಕೆಗೆ ಥ್ಯಾಂಕ್ಸ್ ಹೇಳಿ ಒಳಗೆ ಬಂದವರು ಚಪ್ಪಲಿಯ ಕೆಸರು ಒರೆಸುತ್ತಾ, "ನಡೆಯೋದೂ ಇಲ್ಲಿ ಕಾಯಿಲೆಯೇನೋ?" ಅಂತ ಕೇಳಿದರು. ನನಗೆ ಚುಚ್ಚಿದ್ದು ಆ ಮಾತು.

ನಾವಿರುವುದು ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾದ ಉತ್ತರಕ್ಕೆ, ಫೋರ್ಸೈತ್ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಕನ್ನಡದವರು ಇಲ್ಲಿ ಸಾಕಷ್ಟು ಇದ್ದೇವೆ. ಒಳ್ಳೆ ಶಾಲೆಗಳು, ದೊಡ್ಡ ಮನೆಗಳು, ಮನೆ ಹಿಂದೆ ಕಾಡು. ದುಡ್ಡಿಲ್ಲದ ಜಾಗ ಖಂಡಿತಾ ಅಲ್ಲ. ನಮ್ಮ ಸಬ್‌ಡಿವಿಷನ್ನಿನ, ಅಂದರೆ ಒಬ್ಬ ಡೆವಲಪರ್ ಕಟ್ಟಿದ ಬಡಾವಣೆಯ, ಒಳಗೆ ರಸ್ತೆಯ ಒಂದು ಬದಿಗೆ ಅಚ್ಚುಕಟ್ಟಾದ ಸೈಡ್‌ವಾಕ್ (ಫುಟ್‌ಪಾತ್) ಇದೆ. ಅದು ಹೂಗಿಡಗಳ ನಡುವೆ ಬಳುಕುತ್ತಾ ಬಡಾವಣೆಯ ಹೆಸರು ಕೆತ್ತಿದ ಕಲ್ಲಿನ ತನಕ ಬರುತ್ತದೆ. ಅಲ್ಲಿಗೆ ಮುಗಿಯಿತು. ಮುಂದೆ ಎರಡು ಲೇನಿನ ರಸ್ತೆ, ಅದರಂಚಿಗೆ ಒಂದು ಬಿಳಿ ಗೆರೆ, ಗೆರೆ ಪಕ್ಕದಲ್ಲೇ ಹುಲ್ಲು, ಹುಲ್ಲಿನಾಚೆ ಮಳೆನೀರಿನ ಹಳ್ಳ. ಪಿಕಪ್ ಟ್ರಕ್ಕುಗಳು ಭರ್ರೆಂದು ಹೋಗುತ್ತಿರುತ್ತವೆ. ಜಾರ್ಜಿಯಾದ ಕೆಂಪು ಜೇಡಿ, ಮಳೆ ಬಂದರೆ ಕಾಲಿಟ್ಟಲ್ಲೆಲ್ಲ ಜಾರುತ್ತದೆ.

ಯಾಕೆ ಹೀಗೆ? 1990ರಲ್ಲಿ ಈ ಕೌಂಟಿಯಲ್ಲಿ ಇದ್ದವರು ಸುಮಾರು 44 ಸಾವಿರ ಜನ. 2020ರ ಜನಗಣತಿಯಲ್ಲಿ ಎರಡೂವರೆ ಲಕ್ಷ ದಾಟಿತು. ಮೊದಲು ಇದು ಕೋಳಿ ಸಾಕುವವರ, ಹೊಲ ಇಟ್ಟುಕೊಂಡವರ ಸೀಮೆ. ರಸ್ತೆಗಳು ಆಗಿನವು. ಡೆವಲಪರ್ ಬರುತ್ತಾನೆ, ಒಂದು ಫಾರ್ಮ್ ಕೊಳ್ಳುತ್ತಾನೆ, ತನ್ನ ಜಾಗದೊಳಗೆ ರಸ್ತೆ, ಚರಂಡಿ, ದೀಪ ಎಲ್ಲ ಮಾಡುತ್ತಾನೆ. ಗೇಟಿನಾಚೆ ಅವನ ಕೆಲಸವಲ್ಲ. ಪಕ್ಕದ ಫಾರ್ಮ್ ಇನ್ನೊಬ್ಬ ಕೊಳ್ಳುತ್ತಾನೆ, ಅವನೂ ಅಷ್ಟೇ. ನಡುವೆ ಮಾರದೆ ಉಳಿದ ಹಳೆಯ ಮನೆಯವರ ಮುಂದೆ ಏನೂ ಇಲ್ಲ. ಅಲ್ಲಿ ಒಂದು ತುಂಡು, ಇಲ್ಲಿ ಒಂದು ತುಂಡು. ಅವನ್ನು ಜೋಡಿಸಬೇಕಾದ್ದು ಕೌಂಟಿ. ಜೋಡಿಸಬೇಕಾದರೆ ಹಳ್ಳ ಮುಚ್ಚಿ ಪೈಪ್ ಹಾಕಬೇಕು, ಕರೆಂಟ್ ಕಂಬ ಸರಿಸಬೇಕು, ಮನೆಯವರಿಂದ ಒಂದಿಷ್ಟು ಅಡಿ ಜಾಗ ಕೊಳ್ಳಬೇಕು. ದುಡ್ಡು ಬಂದಾಗಲೆಲ್ಲ ಅದು ಮೊದಲು ರಸ್ತೆ ಅಗಲ ಮಾಡುವುದಕ್ಕೆ ಹೋಗುತ್ತದೆ.

ಇದಿಷ್ಟೇ ಆಗಿದ್ದರೆ ನಾನು ಇಷ್ಟು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಈ ಊರುಗಳನ್ನು ಕಟ್ಟುವಾಗಲೇ ಯಾರೂ ನಡೆಯುವುದಿಲ್ಲ ಅಂತ ತೀರ್ಮಾನ ಆಗಿಹೋಗಿತ್ತು. ಇದೇ ಅಟ್ಲಾಂಟಾದ ಒಳಗೆ ಇನ್‌ಮನ್ ಪಾರ್ಕ್ ಅಂತ ಹಳೆಯ ಬಡಾವಣೆ ಇದೆ. 1889ರಲ್ಲಿ ಟ್ರಾಮ್ ಬಂದ ಜಾಗ. ಟ್ರಾಮ್ ಹತ್ತಬೇಕಾದರೆ ಮನೆಯಿಂದ ನಡೆಯಲೇಬೇಕು, ಹಾಗಾಗಿ ಅಲ್ಲಿ ಸೈಡ್‌ವಾಕ್ ಇದೆ, ಈಗಲೂ ಇದೆ. ಆಮೇಲೆ ಎರಡು ಸಂಗತಿ ನಡೆದವು. 1926ರಲ್ಲಿ ಒಹಾಯೊದ ಯೂಕ್ಲಿಡ್ ಅನ್ನುವ ಊರಿನ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಝೋನಿಂಗ್ ಕಾನೂನು ಸರಿ ಅಂದಿತು. ಮನೆ ಇರುವ ಕಡೆ ಮನೆ ಮಾತ್ರ, ಅಂಗಡಿ ಬೇರೆ ಕಡೆ ಅನ್ನುವ ಕಟ್ಟುಪಾಡು ಊರೂರಿಗೆ ಬಂತು. 1934ರಲ್ಲಿ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಹುಟ್ಟಿತು. ಮನೆ ಸಾಲಕ್ಕೆ ಗ್ಯಾರಂಟಿ ಕೊಡುವ ಸರ್ಕಾರಿ ಸಂಸ್ಥೆ. ನೇರ ರಸ್ತೆಗಳ ಚೌಕ ಬೇಡ, ಸುತ್ತಿ ಬಳಸಿ ಹೋಗುವ ರಸ್ತೆ ಇರಲಿ, ಕೊನೆ ಮುಚ್ಚಿದ ಕಲ್-ಡಿ-ಸ್ಯಾಕ್ ಇರಲಿ ಅಂತ ಅದು ಬಿಲ್ಡರುಗಳಿಗೆ ಹೇಳಿಕೊಟ್ಟಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸಾಲ, ಕಾರು, ಹೆದ್ದಾರಿ ಎಲ್ಲ ಒಟ್ಟಿಗೆ ಬಂದವು. 1949ರಲ್ಲಿ ಅಟ್ಲಾಂಟಾದ ಹಳೆಯ ಟ್ರಾಮ್ ನಿಂತೇಹೋಯಿತು.

ಆ ತೀರ್ಮಾನದ ಫಲ ನಮ್ಮ ಮನೆಯ ಮಹಡಿ ಕಿಟಕಿಯಿಂದಲೇ ಕಾಣುತ್ತದೆ. ಹಿಂದಿನ ಬೀದಿಯ ಕನ್ನಡದ ಕುಟುಂಬದ ಹಿತ್ತಿಲು ಕೂಗಿದರೆ ಕೇಳುವಷ್ಟು ಹತ್ತಿರ. ನಮ್ಮ ನಡುವೆ ಒಂದು ಬೇಲಿ, ನಾಲ್ಕು ಪೈನ್ ಮರ. ಅರಿಶಿನ ಕುಂಕುಮಕ್ಕೆ ಅವರ ಮನೆಗೆ ಹೋಗಬೇಕಾದರೆ ನನ್ನ ಹೆಂಡತಿ ಕಾರು ತೆಗೆಯಬೇಕು. ಅವರದು ಬೇರೆ ಸಬ್‌ಡಿವಿಷನ್, ಬೇರೆ ಗೇಟು, ನಡುವೆ ಆ ಎರಡು ಲೇನಿನ ರಸ್ತೆ.

ಮೈಸೂರಿನ ನಮ್ಮ ಸರಸ್ವತಿಪುರಂ ನೆನಪಾಗದೆ ಇರುತ್ತದಾ? ಅಪ್ಪ ಬೆಳಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆಗೆ ಹೋಗುತ್ತಾರೆ. ಒಂದು ಸುತ್ತು ಹಾಕುವಷ್ಟರಲ್ಲಿ ರಿಟೈರಾದ ನಾಲ್ಕು ಮೇಷ್ಟ್ರು, ಇಬ್ಬರು ಬ್ಯಾಂಕಿನವರು ಸಿಕ್ಕಿರುತ್ತಾರೆ. ಬರುವಾಗ ನಂದಿನಿ ಬೂತ್‌ನಲ್ಲಿ ಹಾಲು, ಮೂಲೆಯಲ್ಲಿ ಹೂವು, ಇಸ್ತ್ರಿಯವನಿಗೆ ಒಂದು ಮಾತು. ಯಾರ ಮಗಳಿಗೆ ಗಂಡು ಗೊತ್ತಾಯ್ತು, ಯಾರಿಗೆ ಸ್ಟೆಂಟ್ ಹಾಕಿದರು, ಎಲ್ಲ ಸುದ್ದಿ ಮನೆಗೆ ಬರುವುದು ಅಪ್ಪನ ಕಾಲಿನ ಮೂಲಕ. ಎರಡು ದಿನ ಕಾಣದಿದ್ದರೆ ಯಾರಾದರೂ ಗೇಟಿನ ಹತ್ತಿರ ಬಂದು "ಏನ್ ಸಾರ್, ಹುಷಾರಾಗಿದ್ದೀರಾ?" ಅಂತಾರೆ. ಅಲ್ಲಿ ವಯಸ್ಸಾದವರು ರಸ್ತೆಯಲ್ಲಿ ಒಬ್ಬರೇ ನಡೆದರೆ ಬೆಳಗಾಗಿದೆ ಅಂತ ಅರ್ಥ. ಯಾರೂ ಗಾಬರಿಯಾಗುವುದಿಲ್ಲ.

ಗಾಬರಿಯ ಮಾತು ಸುಮ್ನೆ ಹೇಳುತ್ತಿಲ್ಲ. 2015ರ ಫೆಬ್ರವರಿಯಲ್ಲಿ, ನಮ್ಮ ಪಕ್ಕದ ರಾಜ್ಯ ಅಲಬಾಮಾದ ಮ್ಯಾಡಿಸನ್‌ನಲ್ಲಿ, ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದ ಅಜ್ಜ ಒಬ್ಬರು ಮಗನ ಮನೆಯ ಹತ್ತಿರ ಬೆಳಗ್ಗೆ ವಾಕಿಂಗ್ ಹೋಗಿದ್ದರು. ಯಾರೋ ಅನುಮಾನಪಟ್ಟು ಪೊಲೀಸರಿಗೆ ಫೋನ್ ಮಾಡಿದರು. ಅಜ್ಜನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪೊಲೀಸ್ ಅವರನ್ನು ನೆಲಕ್ಕೆ ಕೆಡವಿದ ರೀತಿಗೆ ಕತ್ತಿನ ಮೂಳೆಗೆ ಪೆಟ್ಟಾಗಿ ಕೈಕಾಲಿನ ಸ್ವಾಧೀನ ಭಾಗಶಃ ತಪ್ಪಿತು. ಆ ಸುದ್ದಿ ಓದಿದಾಗ ನನಗೆ ಕಂಡದ್ದು ಅಪ್ಪನ ಮುಖ. ನಡೆಯುವವರೇ ಇಲ್ಲದ ಬೀದಿಯಲ್ಲಿ ನಡೆಯುವವನು ಎಲ್ಲರ ಕಣ್ಣಿಗೂ ಬೀಳುತ್ತಾನೆ.

ಇನ್ನೊಂದು ನಮ್ಮ ಅಟ್ಲಾಂಟಾದ ಕಡೆಯದೇ, ಕಾಬ್ ಕೌಂಟಿಯದು, 2010ರದು. ತಾಯಿಯೊಬ್ಬಳು ಮಕ್ಕಳ ಜೊತೆ ಬಸ್ ಇಳಿದು, ಎದುರಿಗಿದ್ದ ತನ್ನ ಅಪಾರ್ಟ್‌ಮೆಂಟಿಗೆ ರಸ್ತೆ ದಾಟುತ್ತಿದ್ದಳು. ಜೀಬ್ರಾ ಕ್ರಾಸಿಂಗ್ ಅರ್ಧ ಕಿಲೋಮೀಟರ್ ದೂರದಲ್ಲಿತ್ತು. ಕಾರು ಗುದ್ದಿ ನಾಲ್ಕು ವರ್ಷದ ಮಗ ಸತ್ತ. ಗುದ್ದಿದವನು ನಿಲ್ಲಿಸದೆ ಹೋದ, ಅವನಿಗೆ ಶಿಕ್ಷೆಯೂ ಆಯಿತು. ಆದರೆ ಮರುವರ್ಷ ಜ್ಯೂರಿ ಆ ತಾಯಿಯನ್ನೂ ಮಗನ ಸಾವಿಗೆ ಅಪರಾಧಿ ಅಂದಿತು. ಆಮೇಲೆ ಕೇಸು ಸಡಿಲವಾಗಿ, ತಪ್ಪಾಗಿ ರಸ್ತೆ ದಾಟಿದ್ದಕ್ಕೆ ದಂಡ ಕಟ್ಟುವಲ್ಲಿಗೆ ಮುಗಿಯಿತು. ಎದುರುಬದುರು ಬಸ್ ಸ್ಟಾಪೂ ಮನೆಗಳೂ ಇರುವಲ್ಲಿ ದಾಟುವ ಜಾಗ ಮಾಡದವರನ್ನು ಮಾತ್ರ ಯಾರೂ ಕಟಕಟೆ ಹತ್ತಿಸಲಿಲ್ಲ. ನನಗೆ ಇದನ್ನು ಸಮಾಧಾನವಾಗಿ ಹೇಳಲು ಬರುವುದಿಲ್ಲ.

ನಮ್ಮ ಬಡಾವಣೆಯ ಮೀಟಿಂಗಿನಲ್ಲಿ ಗೇಟಿನಿಂದ ಅಂಗಡಿಗಳ ತನಕ ಸೈಡ್‌ವಾಕ್ ಮಾಡಿಕೊಡಿ ಅಂತ ಕೌಂಟಿಗೆ ಬರೆಯೋಣ ಅಂದೆ. ಕೆಲವರು ಹೂಂ ಅಂದರು. ಒಬ್ಬರು "ಹೊರಗಿನವರು ಒಳಗೆ ಬರ್ತಾರೆ" ಅಂದರು. ನನಗೆ ಜಾಸ್ತಿ ನೋವಾದದ್ದು, ಆ ಮಾತು ಹೇಳಿದವರು ನಮ್ಮ ಕಡೆಯವರೇ, ಹಾಸನದವರು. ಅವರ ಅಮ್ಮನೂ ಪ್ರತಿ ವರ್ಷ ಬಂದು ಆರು ತಿಂಗಳು ಇದ್ದು ಹೋಗುತ್ತಾರೆ. ಆ ಆರು ತಿಂಗಳು ಮನೆಯೊಳಗೆ, ಟೀವಿ ಮುಂದೆ. ಶನಿವಾರ ಮಗ ಕಾರಿನಲ್ಲಿ ಕೂರಿಸಿಕೊಂಡು ಹೊರಟರೆ ಆಯಿತು, ಇಲ್ಲದಿದ್ದರೆ ಇಲ್ಲ. ಕಾರು ಓಡಿಸಲು ಬಾರದವರಿಗೆ, ಹದಿನಾರು ತುಂಬದ ಮಕ್ಕಳಿಗೆ, ಈ ಊರು ಹೊರಗೆ ಕಾಲಿಡಲು ಬಿಡುವುದಿಲ್ಲ. ನನ್ನ ಮಗಳಿಗೆ ಹದಿಮೂರು. ಆ ವಯಸ್ಸಿನಲ್ಲಿ ನಾನು ಒಬ್ಬನೇ ದೇವರಾಜ ಮಾರ್ಕೆಟ್ ತನಕ ಹೋಗಿ ವೀಳ್ಯದೆಲೆ ತರುತ್ತಿದ್ದೆ.

ಇನ್ನು ಊರಿನ ಮಾತನ್ನೂ ಹೇಳಲೇಬೇಕು, ಮನಸ್ಸಿಲ್ಲದಿದ್ದರೂ. ಸರಸ್ವತಿಪುರದಲ್ಲಿ ಅಪ್ಪ ನಡೆಯುವುದು ಫುಟ್‌ಪಾತಿನ ಮೇಲಲ್ಲ, ರಸ್ತೆಯಲ್ಲೇ. ಫುಟ್‌ಪಾತ್ ಇದ್ದ ಕಡೆ ಸ್ಕೂಟರ್ ನಿಂತಿರುತ್ತದೆ, ಇಲ್ಲ ಮನೆಯವರ ಕೈತೋಟ ಬಂದಿರುತ್ತದೆ. ನಮ್ಮ ಚಿಕ್ಕಮ್ಮ ಬೆಂಗಳೂರಿನಲ್ಲಿ ಚರಂಡಿಯ ಮೇಲಿನ ಚಪ್ಪಡಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು, ಆಮೇಲೆ ಕೋಲಿಲ್ಲದೆ ನಡೆಯಲಿಲ್ಲ. ಇಲ್ಲಿ ಸೈಡ್‌ವಾಕ್ ಇರುವ ಕಡೆ ಗಾಲಿಕುರ್ಚಿ ಇಳಿಯಲು ಮೂಲೆಯಲ್ಲಿ ಇಳಿಜಾರು ಮಾಡಿರುತ್ತಾರೆ, ಅಂಗವಿಕಲರಿಗಾಗಿ 1990ರಲ್ಲಿ ಬಂದ ಕಾನೂನಿನಿಂದ. ಶಾಲೆ ಬಸ್ಸು ಕೆಂಪು ದೀಪ ಹಾಕಿ ನಿಂತರೆ ಹಿಂದೆ ಬರುವ ಅಷ್ಟೂ ಕಾರುಗಳು ನಿಲ್ಲುತ್ತವೆ. ಮೈಸೂರಿನಲ್ಲಿ ಅದನ್ನು ನಾನು ಕಂಡಿಲ್ಲ. ಬಿಗ್ ಕ್ರೀಕ್ ಗ್ರೀನ್‌ವೇ ಅಂತ ತೊರೆಯ ಪಕ್ಕದಲ್ಲಿ ಮೈಲಿಗಟ್ಟಲೆ ಸೊಗಸಾದ ದಾರಿ ಮಾಡಿದ್ದಾರೆ, ಅಪ್ಪನಿಗೆ ಅದು ಬಹಳ ಹಿಡಿಸಿತು. ಆದರೆ ಅಲ್ಲಿ ನಡೆಯಬೇಕಾದರೆ ನಾನು ಕಾರಿನಲ್ಲಿ ಬಿಟ್ಟು ಬರಬೇಕು.

ಹೋದ ಸಲ ಬೆಂಗಳೂರಿಗೆ ಹೋದಾಗ ಸ್ನೇಹಿತನೊಬ್ಬ ಸರ್ಜಾಪುರ ರಸ್ತೆಯಲ್ಲಿರುವ ತನ್ನ ಹೊಸ ವಿಲ್ಲಾ ನೋಡಲು ಕರೆದುಕೊಂಡು ಹೋದ. ಒಳಗೆ ಸಾಲು ಮರ, ವಾಕಿಂಗ್ ಟ್ರ್ಯಾಕ್, ಕೂರಲು ಬೆಂಚು. ಗೇಟು ದಾಟಿದರೆ ರಸ್ತೆಯಂಚಿಗೆ ಧೂಳು, ನೀರಿನ ಟ್ಯಾಂಕರು, ನಡೆಯಲು ಒಂದಡಿ ಜಾಗವಿಲ್ಲ. ಅವನ ಮನೆಕೆಲಸದ ಹೆಂಗಸು ಬಸ್ ಸ್ಟಾಪಿನಿಂದ ಆ ರಸ್ತೆಯಲ್ಲೇ ನಡೆದು ಬರಬೇಕು. "ನೋಡು, ಥೇಟ್ ನಿಮ್ಮ ಅಮೆರಿಕದ ಹಾಗೇ ಇದೆ" ಅಂದ ಸ್ನೇಹಿತ, ಖುಷಿಯಲ್ಲಿ. "ಇದೊಂದನ್ನು ಅಲ್ಲಿಂದ ತರಬೇಡ್ರೋ" ಅಂದೆ. ನಿಮ್ಮ ಬಡಾವಣೆಯವರೆಲ್ಲ ಸೇರಿ ಗೇಟಿನಿಂದ ಬಸ್ ಸ್ಟಾಪಿನ ತನಕ ಫುಟ್‌ಪಾತ್ ಮಾಡಿಸಿ ಅಂತ ಒತ್ತಾಯಿಸಿದೆ. ಅಸೋಸಿಯೇಷನ್ ಮೀಟಿಂಗಿನಲ್ಲಿ ಎತ್ತುತ್ತೀನಿ ಅಂದಿದ್ದಾನೆ. ಫೋನ್ ಮಾಡಿದಾಗಲೆಲ್ಲ ಕೇಳುತ್ತಿದ್ದೇನೆ.